ಫ್ಯಾನ್ ತಿರುಗ್ತಿದೆ, ಡಿಸ್‌ಪ್ಲೇ ಇಲ್ಲ

"ಅಣ್ಣಾ, ಸಿಸ್ಟಂ ಆನ್ ಆಗ್ತಿಲ್ಲ. ಮೊನ್ನೆ ಹೊಸ ರ‍್ಯಾಮ್ ಹಾಕಿದ್ವಿ, ಆಗಿಂದ ಹಿಂಗೇ."

ಸಕಲೇಶಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಇಂಥ ಫೋನ್ ಹೊಸದಲ್ಲ. ಹೆತ್ತೂರು, ಹಾನುಬಾಳು, ಯಸಳೂರು ಕಡೆಯ ತೋಟದ ಮನೆಗಳಿಂದ, ಆಲೂರಿನ ಫೋಟೊ ಸ್ಟುಡಿಯೊಗಳಿಂದ, ಹೋಂಸ್ಟೇ ನಡೆಸುವವರಿಂದ ಬರುತ್ತಲೇ ಇರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ಇದಕ್ಕೆ ಇನ್ನೊಂದು ಕಾರಣವನ್ನು ಸೇರಿಸಿತು. ಹಳೆಯ ಡೆಸ್ಕ್‌ಟಾಪನ್ನು ಎಸೆಯಲು ಮನಸ್ಸಿಲ್ಲ, ಹಾಗೇ ಬಿಟ್ಟರೆ ವಿಂಡೋಸ್ 11 ಓಡುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಎಸ್‌ಎಸ್‌ಡಿ, ರ‍್ಯಾಮ್, ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಬಸ್ಸಿನಲ್ಲಿ ಘಟ್ಟದ ಅಂಚಿಗೆ ಬರುತ್ತವೆ. ರಜೆಗೆ ಬಂದ ಮಗನೋ ಮಗಳೋ ಸ್ಕ್ರೂಡ್ರೈವರ್ ಹಿಡಿದು ಕೂರುತ್ತಾರೆ. ಸಂಜೆ ಹೊತ್ತಿಗೆ ಫೋನ್ ಬರುತ್ತದೆ.

ಆದರೆ "ಆನ್ ಆಗ್ತಿಲ್ಲ" ಎಂಬ ದೂರು ಒಂದೇ ಕಾಯಿಲೆಯದಲ್ಲ. ಗುಂಡಿ ಒತ್ತಿದರೂ ಏನೂ ಅಲುಗದೆ ಇರುವುದು ಒಂದು. ಫ್ಯಾನ್ ಒಂದು ಸುತ್ತು ಮಿಸುಕಿ ನಿಂತುಬಿಡುವುದು ಇನ್ನೊಂದು. ಫ್ಯಾನ್ ತಿರುಗುತ್ತಲೇ ಇದ್ದು ಪರದೆ ಕಪ್ಪಗೆ ಉಳಿಯುವುದು ಮತ್ತೊಂದು. ಕಂಪನಿಯ ಲಾಂಛನ ಕಾಣಿಸಿ ಅಲ್ಲಿಗೇ ಸ್ತಬ್ಧವಾಗುವುದು ಬೇರೆಯೇ ಒಂದು. ನಾಲ್ಕರಲ್ಲೂ ಯಂತ್ರ ನಿಂತಿರುವ ಜಾಗ ಬೇರೆ. ಎಲ್ಲಿ ನಿಂತಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಆದಂತೆ. ಗೊತ್ತಿಲ್ಲದೆ ಒಂದೊಂದೇ ಭಾಗ ಬದಲಿಸುತ್ತಾ ಹೋದರೆ ದುಡ್ಡೂ ಹೋಗುತ್ತದೆ, ಒಳ್ಳೆಯ ಭಾಗಗಳೂ ಕೆಡುತ್ತವೆ. ಹಾಗಾಗಿ ಗುಂಡಿ ಒತ್ತಿದ ಮೇಲಿನ ಮೊದಲ ಕೆಲವು ಸೆಕೆಂಡುಗಳಲ್ಲಿ ಒಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ.

ಗುಂಡಿ ಒತ್ತುವ ಮೊದಲೇ ಯಂತ್ರದ ಒಂದು ಭಾಗ ಎಚ್ಚರವಾಗಿರುತ್ತದೆ. ಗೋಡೆಯ ಸ್ವಿಚ್ ಹಾಕಿದ ಕ್ಷಣದಿಂದ, ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಒಂದು ತಂತಿಯಲ್ಲಿ 5 ವೋಲ್ಟ್ ಕಳಿಸುತ್ತಲೇ ಇರುತ್ತದೆ. ಬಣ್ಣದ ತಂತಿಗಳಿರುವ ಎಸ್‌ಎಂಪಿಎಸ್‌ನಲ್ಲಿ ಅದು ನೇರಳೆ ತಂತಿ. ಕಂಪ್ಯೂಟರ್ ಆಫ್ ಆಗಿದ್ದರೂ ಮದರ್‌ಬೋರ್ಡಿನ ಮೇಲೆ ಒಂದು ಸಣ್ಣ ದೀಪ ಮಿನುಗುವುದು ಈ ಕರೆಂಟಿನಿಂದ. ರ‍್ಯಾಮ್ ಕೀಳುವ ಮುಂಚೆ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿಹಿಡಿಯಬೇಕು ಎನ್ನುವುದೂ ಇದಕ್ಕೇ. ಹಾಗೆ ಒತ್ತಿದಾಗ ಕೆಪಾಸಿಟರುಗಳಲ್ಲಿ ಉಳಿದಿರುವ ವಿದ್ಯುತ್ತು ಬರಿದಾಗುತ್ತದೆ.

ಗುಂಡಿ ಒತ್ತಿದಾಗ ಬೋರ್ಡು ಹಸಿರು ತಂತಿಯನ್ನು ನೆಲಕ್ಕೆ, ಅಂದರೆ ಸೊನ್ನೆ ವೋಲ್ಟಿಗೆ ಎಳೆಯುತ್ತದೆ. ಎಸ್‌ಎಂಪಿಎಸ್‌ಗೆ ಅದೇ ಅಪ್ಪಣೆ. ಅದು 12, 5 ಮತ್ತು 3.3 ವೋಲ್ಟುಗಳನ್ನು ಎಬ್ಬಿಸುತ್ತದೆ. ಮೂರೂ ಸ್ಥಿರವಾದ ಮೇಲೆ, 0.1ರಿಂದ 0.5 ಸೆಕೆಂಡಿನೊಳಗೆ, ಬೂದು ತಂತಿಯಲ್ಲಿ ಇನ್ನೊಂದು 5 ವೋಲ್ಟ್ ಬರುತ್ತದೆ. ಕರೆಂಟ್ ಸರಿಯಾಗಿದೆ, ಇನ್ನು ಶುರುಮಾಡಬಹುದು ಎಂಬ ಸಂಕೇತ ಅದು. ಅದು ಬರುವವರೆಗೆ ಬೋರ್ಡು ಪ್ರೊಸೆಸರನ್ನು ಕಟ್ಟಿಹಾಕಿರುತ್ತದೆ. ಫ್ಯಾನಿಗೆ ಈ ಕಟ್ಟುಪಾಡು ಇಲ್ಲ. 12 ವೋಲ್ಟ್ ಸಿಕ್ಕರೆ ಸಾಕು, ತಿರುಗುತ್ತದೆ. ಆದ್ದರಿಂದ ಫ್ಯಾನ್ ತಿರುಗಿತು ಎಂದರೆ 12 ವೋಲ್ಟ್ ಬಂದಿದೆ ಎಂದಷ್ಟೇ ಅರ್ಥ. ಪ್ರೊಸೆಸರ್ ಕೆಲಸ ಶುರುಮಾಡಿದೆಯೋ ಇಲ್ಲವೋ ಎಂಬುದನ್ನು ಫ್ಯಾನ್ ಹೇಳುವುದಿಲ್ಲ.

ಸಂಕೇತ ಸಿಕ್ಕ ಮೇಲೆ ಪ್ರೊಸೆಸರ್ ಮೊಟ್ಟಮೊದಲ ಆದೇಶಕ್ಕಾಗಿ ಒಂದು ಗೊತ್ತಾದ ವಿಳಾಸಕ್ಕೆ ಹೋಗುತ್ತದೆ. ಇಂಟೆಲ್ ಪ್ರೊಸೆಸರುಗಳಲ್ಲಿ ಆ ವಿಳಾಸ 4 ಗಿಗಾಬೈಟ್ ಗಡಿಗಿಂತ ಸರಿಯಾಗಿ 16 ಬೈಟ್ ಕೆಳಗಿದೆ. ಅಲ್ಲಿ ರ‍್ಯಾಮ್ ಇಲ್ಲ. ಬೋರ್ಡಿನ ಮೇಲೆ ಬೆರಳುಗುರಿನಷ್ಟಿರುವ ಫ್ಲ್ಯಾಶ್ ಚಿಪ್ಪಿನೊಳಗಿನ ಬಯಾಸ್ ಎಂಬ ಆರಂಭದ ತಂತ್ರಾಂಶ ಅಲ್ಲಿ ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ರ‍್ಯಾಮ್ ಇದೆಯೋ ಇಲ್ಲವೋ, ಇದ್ದರೆ ಎಂಥದ್ದು, ಯಾವ ವೇಗದ್ದು ಎಂಬುದೇನೂ ಪ್ರೊಸೆಸರಿಗೆ ತಿಳಿದಿರುವುದಿಲ್ಲ. ಬಯಾಸ್ ತನ್ನ ಲೆಕ್ಕಾಚಾರಕ್ಕೆ ಪ್ರೊಸೆಸರಿನ ಒಳಗಿರುವ ಕ್ಯಾಶ್ ಎಂಬ ಪುಟ್ಟ ಸ್ಮೃತಿಯನ್ನೇ ತಾತ್ಕಾಲಿಕ ರ‍್ಯಾಮ್ ಮಾಡಿಕೊಂಡು, ನಿಜವಾದ ರ‍್ಯಾಮನ್ನು ಹುಡುಕಲು ಹೊರಡುತ್ತದೆ.

ರ‍್ಯಾಮ್ ಬದಲಿಸಿದ ಯಂತ್ರಗಳು ಹೆಚ್ಚಾಗಿ ಮುಗ್ಗರಿಸುವುದು ಈ ಘಟ್ಟದಲ್ಲಿ. ಪ್ರತಿ ರ‍್ಯಾಮ್ ಕಡ್ಡಿಯ ಮೇಲೂ ತನ್ನ ಗಾತ್ರ, ವೇಗ, ಬೇಕಾದ ವಿಳಂಬಗಳನ್ನು ಬರೆದಿಟ್ಟ ಒಂದು ಸಣ್ಣ ಚಿಪ್ ಇದೆ. ಬಯಾಸ್ ಮೊದಲು ಅದನ್ನು ಓದುತ್ತದೆ. ಆಮೇಲೆ ನಡೆಯುವುದು ಮೆಮೊರಿ ಟ್ರೈನಿಂಗ್ ಎಂಬ ಹೊಂದಾಣಿಕೆ. ಇದು ಯಾಕೆ ಬೇಕು ಎಂದು ಒಂದು ಲೆಕ್ಕ ಹಾಕಿದರೆ ಬೆರಗಾಗುತ್ತದೆ. ಇವತ್ತಿನ ಸಾಮಾನ್ಯ ಡಿಡಿಆರ್4 ರ‍್ಯಾಮ್ 3200 ವೇಗದ್ದು ಎಂದರೆ, ಒಂದು ತಂತಿಯಲ್ಲಿ ಸೆಕೆಂಡಿಗೆ 320 ಕೋಟಿ ಬಿಟ್‌ಗಳು ಹಾಯುತ್ತವೆ. ಒಂದು ಬಿಟ್ ತಂತಿಯ ಮೇಲೆ ಇರುವ ಹೊತ್ತು ಸೆಕೆಂಡಿನ ಶತಕೋಟಿಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಅಷ್ಟು ಹೊತ್ತಿನಲ್ಲಿ ಬೆಳಕು ಬಯಲಿನಲ್ಲಿ ಸುಮಾರು 9 ಸೆಂಟಿಮೀಟರ್ ಹೋಗುತ್ತದೆ. ಬೋರ್ಡಿನ ತಾಮ್ರದ ಗೆರೆಯಲ್ಲಿ ಸಂಕೇತ ಅದರ ಅರ್ಧದಷ್ಟೇ, ಐದು ಸೆಂಟಿಮೀಟರಿಗೂ ತುಸು ಕಡಿಮೆ ಹೋಗುತ್ತದೆ. ರ‍್ಯಾಮ್ ಮತ್ತು ಪ್ರೊಸೆಸರಿನ ನಡುವಿನ ದೂರವೇ ಅದಕ್ಕಿಂತ ಹೆಚ್ಚು. ಅಂದರೆ ಒಂದು ಬಿಟ್ ಮುಟ್ಟುವ ಮೊದಲೇ ಹಿಂದಿನಿಂದ ಇನ್ನೊಂದು ಹೊರಟಿರುತ್ತದೆ. ಮಾಹಿತಿ ಹೊರುವ 64 ಗೆರೆಗಳಲ್ಲಿ ಒಂದು ಕೂದಲೆಳೆಯಷ್ಟು ಉದ್ದವಿದ್ದರೂ, ಒಂದು ಸಂಪರ್ಕ ಸ್ವಲ್ಪ ಸಡಿಲವಿದ್ದರೂ ಹೊತ್ತು ತಪ್ಪುತ್ತದೆ. ಆದ್ದರಿಂದ ಬಯಾಸ್ ಗೊತ್ತಿರುವ ವಿನ್ಯಾಸಗಳನ್ನು ಬರೆದು, ಓದಿ, ಪ್ರತಿ ಗೆರೆಗೆ ಎಷ್ಟು ವಿಳಂಬ ಕೊಡಬೇಕು ಎಂದು ಕಲಿತುಕೊಳ್ಳುತ್ತದೆ. ಕಲಿತದ್ದನ್ನು ಬರೆದಿಟ್ಟುಕೊಂಡು ಮರುದಿನ ಬೇಗ ಎದ್ದುಬಿಡುತ್ತದೆ.

ಹೊಸ ರ‍್ಯಾಮ್ ಹಾಕಿದ ದಿನ ಆ ಹಳೆಯ ಪಾಠ ಕೆಲಸಕ್ಕೆ ಬರುವುದಿಲ್ಲ, ಮೊದಲಿನಿಂದ ಕಲಿಯಬೇಕು. ಡಿಡಿಆರ್5 ಯಂತ್ರಗಳಲ್ಲಿ, ಅದರಲ್ಲೂ ದೊಡ್ಡ ಗಾತ್ರದ ರ‍್ಯಾಮ್ ಇದ್ದರೆ, ಮೊದಲ ಸಲ ಇದಕ್ಕೆ ಹಲವು ನಿಮಿಷ ಹಿಡಿಯಬಹುದು. ಅಷ್ಟು ಹೊತ್ತೂ ಪರದೆ ಕಪ್ಪಗೇ ಇರುತ್ತದೆ. ಎಷ್ಟೋ ಜನ ಅರ್ಧ ನಿಮಿಷ ನೋಡಿ, ಕೆಟ್ಟಿತು ಎಂದುಕೊಂಡು ಗುಂಡಿ ಒತ್ತಿ ಆಫ್ ಮಾಡುತ್ತಾರೆ. ಮತ್ತೆ ಆನ್ ಮಾಡಿದರೆ ಪಾಠ ಮತ್ತೆ ಮೊದಲಿನಿಂದ. ಏನೂ ಕೆಡದ ಯಂತ್ರ ಹೀಗೆ ಕೆಟ್ಟದ್ದೆನಿಸಿಕೊಳ್ಳುತ್ತದೆ. ಹೊಸ ರ‍್ಯಾಮ್ ಹಾಕಿದವರು ಮೊದಲ ಸಲ ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಡಬೇಕು. ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ.

ರ‍್ಯಾಮ್ ಒಪ್ಪಿಗೆಯಾದ ಮೇಲೆ ಗ್ರಾಫಿಕ್ಸ್, ಅದಾದ ಮೇಲೆ ಕೀಬೋರ್ಡು, ಡಿಸ್ಕು. ಪರದೆಯ ಮೇಲೆ ಏನಾದರೂ ಕಾಣಬೇಕಾದರೆ ಕರೆಂಟ್, ಪ್ರೊಸೆಸರ್, ಬಯಾಸ್, ರ‍್ಯಾಮ್, ಗ್ರಾಫಿಕ್ಸ್ ಐದೂ ಒಂದರ ಹಿಂದೆ ಒಂದು ಸರಿಯಾಗಬೇಕು. ಹೀಗಾಗಿ ಕಪ್ಪು ಪರದೆ ಐದರಲ್ಲಿ ಯಾವುದರ ಗುರುತೂ ಆಗಬಹುದು. ಯಾವುದೆಂದು ತಿಳಿಸಲು ಯಂತ್ರಕ್ಕೆ ಬೇರೆ ಬಾಯಿಗಳಿವೆ. ಹಳೆಯ ಬೋರ್ಡುಗಳಲ್ಲಿ ಬೀಪ್ ಸದ್ದು: ಅವಾರ್ಡ್ ಕಂಪನಿಯ ಬಯಾಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಗ್ರಾಫಿಕ್ಸ್ ತೊಂದರೆ. ಈಚಿನ ಎಷ್ಟೋ ಬೋರ್ಡುಗಳಲ್ಲಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಎಂಬ ನಾಲ್ಕು ಪುಟ್ಟ ದೀಪಗಳಿರುತ್ತವೆ. ಎಲ್ಲಿ ನಿಂತಿದೆಯೋ ಆ ದೀಪ ಉರಿದೇ ಇರುತ್ತದೆ. ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು ಆ ದೀಪ ನೋಡದೆಯೇ ಬೋರ್ಡ್ ಹೋಗಿದೆ ಎಂದು ತೀರ್ಪು ಕೊಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇದೇ ಜಿಲ್ಲೆಯಲ್ಲಿ ದೂರದ ಯಂತ್ರದ ಕಾಯಿಲೆಯನ್ನು ಸಂಕೇತಗಳಿಂದಲೇ ಓದುವ ಕೆಲಸ 1982ರಿಂದ ನಡೆದಿದೆ. ಹಾಸನದ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ಅಲ್ಲಿ ಮುಚ್ಚಳ ತೆಗೆಯುವ ಮಾತೇ ಇಲ್ಲ. ವೋಲ್ಟೇಜ್ ಎಷ್ಟು, ಬಿಸಿ ಎಷ್ಟು, ಯಾವ ರಿಲೇ ಯಾವ ಕಡೆ ಬಿದ್ದಿದೆ ಎಂದು ಉಪಗ್ರಹ ಕಳಿಸುವ ಅಂಕಿಗಳೇ ಎಂಜಿನಿಯರುಗಳ ಕಣ್ಣು. 1997ರ ಜೂನ್‌ನಲ್ಲಿ ಉಡಾಯಿಸಿದ ಇನ್ಸಾಟ್-2ಡಿ ಅದೇ ಅಕ್ಟೋಬರಿನಲ್ಲಿ ಕೈಕೊಟ್ಟಾಗ, ತಪ್ಪಿದ್ದು ವಿದ್ಯುತ್ ಹಂಚುವ ಮುಖ್ಯ ಸಾಲಿನಲ್ಲಿ ಎಂಬುದನ್ನು ಯಾರೂ ಮುಟ್ಟಿ ನೋಡಿ ಕಂಡುಕೊಂಡದ್ದಲ್ಲ. ಅಷ್ಟು ದೂರದ್ದನ್ನು ಓದಬಹುದಾದರೆ ಮೇಜಿನ ಕೆಳಗಿನ ಪೆಟ್ಟಿಗೆಯ ನಾಲ್ಕು ದೀಪಗಳನ್ನು ಓದುವುದು ಕಷ್ಟವಲ್ಲ.

ದೀಪಗಳೇ ಇಲ್ಲದ ಹಳೆಯ ಬೋರ್ಡಾದರೆ? ಆಗ ಯಂತ್ರವನ್ನು ಮಾತಾಡಿಸಬೇಕು. ರ‍್ಯಾಮ್ ಪೂರ್ತಿ ತೆಗೆದುಬಿಡಿ, ಗ್ರಾಫಿಕ್ಸ್ ಕಾರ್ಡ್, ಡಿಸ್ಕು, ಯುಎಸ್‌ಬಿ ಎಲ್ಲ ಕಳಚಿ, ಬೋರ್ಡಿಗೆ ಒಂದು ಪುಟ್ಟ ಬೀಪ್ ಸ್ಪೀಕರ್ ಸಿಕ್ಕಿಸಿ ಆನ್ ಮಾಡಿ. ರ‍್ಯಾಮ್ ಇಲ್ಲ ಎಂದು ಯಂತ್ರ ಬೀಪ್ ಬೀಪ್ ಎಂದು ಗೋಳಾಡಿದರೆ ಅದು ಬಹಳ ಒಳ್ಳೆಯ ಸುದ್ದಿ. ದೂರು ಹೇಳಬೇಕಾದರೆ ಎಸ್‌ಎಂಪಿಎಸ್ ಕರೆಂಟ್ ಕೊಟ್ಟಿರಬೇಕು, ಪ್ರೊಸೆಸರ್ ಓಡುತ್ತಿರಬೇಕು, ಬಯಾಸ್ ಸರಿಯಾಗಿರಬೇಕು. ಒಂದೇ ಸದ್ದಿನಲ್ಲಿ ಮೂವರು ಆರೋಪಿಗಳು ಬಿಡುಗಡೆಯಾದರು. ಸದ್ದೇ ಬಾರದಿದ್ದರೆ ತೊಂದರೆ ಹೆಚ್ಚಾಗಿ ಆ ಮೂರರಲ್ಲೋ ಬೋರ್ಡಿನಲ್ಲೋ ಇರುತ್ತದೆ. ಮೊದಲು ಪ್ರೊಸೆಸರಿನ ಬದಿಯ 4 ಅಥವಾ 8 ಪಿನ್ನಿನ ಕನೆಕ್ಟರ್ ಸಿಕ್ಕಿಸಿದೆಯೇ ನೋಡಬೇಕು. ದೊಡ್ಡ 24 ಪಿನ್ನಿನದು ಎಲ್ಲರ ಕಣ್ಣಿಗೂ ಬೀಳುತ್ತದೆ; ಮೂಲೆಯಲ್ಲಿರುವ ಇದು ತಪ್ಪಿಹೋಗುತ್ತದೆ. ಇದಿಲ್ಲದೆಯೂ ಫ್ಯಾನ್ ತಿರುಗುತ್ತದೆ, ಪ್ರೊಸೆಸರ್ ಮಾತ್ರ ಏಳುವುದಿಲ್ಲ. ಮಲ್ಟಿಮೀಟರ್ ಇದ್ದವರು 12 ವೋಲ್ಟ್ ಸಾಲು 11.4ರಿಂದ 12.6ರೊಳಗೆ ಇದೆಯೇ ಎಂದೂ ನೋಡಬಹುದು.

ಪಾಳ್ಯದ ಕಡೆಯ ಒಂದು ತೋಟದ ಮನೆಯಲ್ಲಿ ನಾನು ನೋಡಿದ ಯಂತ್ರ ಈ ಮಾತಿಗೆ ಒಳ್ಳೆಯ ಉದಾಹರಣೆ. ಇಂಟೆಲ್ಲಿನ ಆರನೇ ತಲೆಮಾರಿನ ಐ5, ರ‍್ಯಾಮಿಗೆ ಎರಡೇ ಸ್ಲಾಟ್ ಇರುವ ಸಾಧಾರಣ ಬೋರ್ಡ್. ತೋಟದ ಲೆಕ್ಕ, ಆಳುಗಳ ಹಾಜರಿ, ಕಾಫಿ ಬೆಲೆ ನೋಡುವುದು ಅದರ ಕೆಲಸ. ಮಗ ಹಳೆಯ 4 ಜಿಬಿ ಕಡ್ಡಿಯ ಪಕ್ಕ ಹೊಸ 8 ಜಿಬಿ ಹಾಕಿ, ಜೊತೆಗೆ ಒಂದು ಹಳೆಯ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸಿದ್ದ. ಪರದೆ ಬರಲಿಲ್ಲ. ರ‍್ಯಾಮ್ ಕಿತ್ತು ಮತ್ತೆ ಹಾಕಿದ, ಬರಲಿಲ್ಲ. ಕಾರ್ಡ್ ಕಿತ್ತ, ಬರಲಿಲ್ಲ. ಹೊಸ ರ‍್ಯಾಮ್ ಕಿತ್ತ, ಬರಲಿಲ್ಲ. ಎಲ್ಲ ಮೊದಲಿದ್ದಂತೆಯೇ ಇಟ್ಟರೂ ಬಾರದಿದ್ದಾಗ ಬೋರ್ಡ್ ಸುಟ್ಟಿದೆ ಎಂಬ ತೀರ್ಮಾನವಾಗಿತ್ತು.

ರ‍್ಯಾಮ್ ತೆಗೆದು ಆನ್ ಮಾಡಿದಾಗ ಬೋರ್ಡು ಜೋರಾಗಿ ಕೂಗಿತು. ಹಳೆಯ ಕಡ್ಡಿಯನ್ನು ಎರಡನೇ ಸ್ಲಾಟಿಗೆ ಹಾಕಿದರೆ ಪರದೆ ಬಂತು. ಮೊದಲನೆಯದಕ್ಕೆ ಹಾಕಿದರೆ ಇಲ್ಲ. ಟಾರ್ಚ್ ಬಿಟ್ಟು ಓರೆಯಾಗಿ ನೋಡಿದಾಗ ಸ್ಲಾಟಿನ ತಳದಲ್ಲಿ, ಎರಡು ಚಿನ್ನದ ಸ್ಪ್ರಿಂಗುಗಳಿಗೆ ಅಡ್ಡವಾಗಿ, ಮಳೆ ಹಿಡಿದಾಗ ದೀಪಕ್ಕೆ ಮುತ್ತುವ ಹುಳುವಿನ ರೆಕ್ಕೆಯ ಚೂರೊಂದು ಅಂಟಿಕೊಂಡಿತ್ತು. ಗಾಜಿನಂತೆ ತೆಳ್ಳಗೆ, ಗೆರೆಗೆರೆಯಾಗಿ, ಬಣ್ಣವಿಲ್ಲದೆ. ಡಿಡಿಆರ್4 ಕಡ್ಡಿಗೆ 288 ಪಿನ್ನುಗಳಿವೆ. ಪಕ್ಕಪಕ್ಕದ ಎರಡರ ನಡುವಿನ ಅಂತರ 0.85 ಮಿಲಿಮೀಟರ್. ಅಲ್ಲಿ ಒಂದು ರೆಕ್ಕೆ ದೊಡ್ಡ ಗೋಡೆ. ಒಣಗಿದ ಮೆತ್ತನೆಯ ಕುಂಚದಿಂದ ಅದನ್ನು ಎತ್ತಿದ ಮೇಲೆ ಎರಡೂ ಕಡ್ಡಿಗಳು ಎರಡೂ ಸ್ಲಾಟಿನಲ್ಲಿ ಓಡಿದವು.

ಹಾಗಾದರೆ ರೆಕ್ಕೆಯೇ ಮೊದಲ ತೊಂದರೆಯೇ? ಅಲ್ಲ. ಕಾರ್ಡನ್ನು ಮತ್ತೆ ಸಿಕ್ಕಿಸಿದಾಗ ಪರದೆ ಮತ್ತೆ ಮಾಯವಾಯಿತು. ಮಾನಿಟರಿನ ಕೇಬಲ್ ಇನ್ನೂ ಬೋರ್ಡಿನ ಹಳೆಯ ಕಿಂಡಿಯಲ್ಲೇ ಇತ್ತು. ಕಾರ್ಡ್ ಕಂಡ ಕೂಡಲೇ ಬಯಾಸ್ ಚಿತ್ರವನ್ನು ಕಾರ್ಡಿನ ಕಡೆ ತಿರುಗಿಸಿತ್ತು. ಮೊದಲ ದಿನ ಆಗಿದ್ದೂ ಇಷ್ಟೇ: ಕೇಬಲನ್ನು ಎರಡು ಅಂಗುಲ ಕೆಳಗಿನ ಕಿಂಡಿಗೆ ಬದಲಿಸಿದ್ದರೆ ಮುಗಿಯುತ್ತಿತ್ತು. ಅದು ತಿಳಿಯದೆ ರ‍್ಯಾಮ್ ಕಿತ್ತು ಹಾಕುವಾಗ ಕ್ಯಾಬಿನೆಟ್ಟಿನ ಧೂಳಿನಲ್ಲಿದ್ದ ರೆಕ್ಕೆ ಸ್ಲಾಟಿಗೆ ಬಿತ್ತು. ತೊಂದರೆ ಹುಡುಕುವ ಗಡಿಬಿಡಿಯಲ್ಲಿ ಎರಡನೇ ತೊಂದರೆ ಹುಟ್ಟಿ, ಮೊದಲನೆಯದನ್ನು ಮುಚ್ಚಿಹಾಕಿತ್ತು. ಬದಲಿಸಿದ್ದನ್ನು ಹಿಂದಕ್ಕೆ ತೆಗೆದರೆ ಯಂತ್ರ ಮೊದಲಿದ್ದ ಸ್ಥಿತಿಗೆ ಬರುತ್ತದೆ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಮುಚ್ಚಳ ತೆಗೆದ ಕ್ಷಣದಿಂದ ನಾವು ಗೊತ್ತಿದ್ದು ಬದಲಿಸುವುದು ಒಂದೆರಡಾದರೆ, ಗೊತ್ತಿಲ್ಲದೆ ಅಲುಗಿಸುವುದು ಹತ್ತು. ಅದಕ್ಕೇ ಎಲ್ಲ ಕಳಚಿ, ಮಾತಾಡಬಲ್ಲ ಅತಿ ಚಿಕ್ಕ ಯಂತ್ರಕ್ಕೆ ಇಳಿದು, ಅಲ್ಲಿಂದ ಒಂದು ಸಲಕ್ಕೆ ಒಂದನ್ನೇ ಸೇರಿಸುತ್ತಾ ಹತ್ತಬೇಕು. ಎರಡನ್ನು ಒಟ್ಟಿಗೆ ಸೇರಿಸಿದರೆ ಸೋಲು ಯಾವುದರದೆಂದು ಹೇಳಲಾಗದು.

ಈ ಬೆಟ್ಟಗಳಲ್ಲಿ ಮುಚ್ಚಳ ತೆಗೆಯುವುದಕ್ಕೂ ಒಂದು ಕಾಲ ಇದೆ. ಆರಿದ್ರಾ ಮಳೆ ಹಿಡಿದರೆ ಪುಷ್ಯ, ಆಶ್ಲೇಷ ಮುಗಿಯುವವರೆಗೆ ಇಲ್ಲಿನ ಗಾಳಿ ಒದ್ದೆ ಬಟ್ಟೆಯಂತಿರುತ್ತದೆ. ಚಪ್ಪಲಿ, ಬೆಲ್ಟು, ಪುಸ್ತಕದ ಬೆನ್ನು ಬೂಸ್ಟು ಹಿಡಿಯುತ್ತವೆ. ಕಂಪ್ಯೂಟರಿನೊಳಗೆ ನಡೆಯುವುದು ಕಣ್ಣಿಗೆ ಕಾಣುವುದಿಲ್ಲ. ರ‍್ಯಾಮಿನ ಪಿನ್ನುಗಳ ಮೇಲಿನ ಚಿನ್ನ ಬಹಳ ತೆಳು, ಅದರ ಕೆಳಗೆ ನಿಕ್ಕಲ್, ಅದರಡಿ ತಾಮ್ರ. ಚಿನ್ನಕ್ಕೆ ತುಕ್ಕಿಲ್ಲ, ಆದರೆ ತೆಳು ಪದರದಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ; ತೇವ ಅಲ್ಲಿಂದ ಇಳಿದು ಕೆಳಗಿನ ಲೋಹವನ್ನು ತಿನ್ನುತ್ತದೆ, ಆ ಕಿಲುಬು ಮೇಲೆ ಹರಡುತ್ತದೆ. ವರ್ಷಗಟ್ಟಲೆ ಅಲುಗದೆ ಕೂತ ಕಡ್ಡಿಯಲ್ಲಿ ಸ್ಪ್ರಿಂಗ್ ಒತ್ತಿದ ಚುಕ್ಕೆ ಮಾತ್ರ ಶುಭ್ರವಾಗಿರುತ್ತದೆ. ಕಿತ್ತು ಕೂದಲೆಳೆಯಷ್ಟು ಅತ್ತಿತ್ತ ಕೂರಿಸಿದರೆ ಸ್ಪ್ರಿಂಗು ಕಿಲುಬಿನ ಮೇಲೆ ಕೂರಬಹುದು. "ರ‍್ಯಾಮ್ ತೆಗೆದು ಇನ್ನೊಂದ್ಸಲ ಹಾಕಿ" ಎಂದು ರಿಪೇರಿಯವರು ಹೇಳುವ ಮಾತಿಗೆ ಆಧಾರ ಇದೇ. ಒತ್ತಿ ಕೂರಿಸುವಾಗ ಸ್ಪ್ರಿಂಗು ಪಿನ್ನಿನ ಮೈಯನ್ನು ಉಜ್ಜಿಕೊಂಡು ಹೋಗುತ್ತದೆ, ಆ ಉಜ್ಜಾಟದಲ್ಲಿ ಪೊರೆ ಹರಿಯುತ್ತದೆ. ರಬ್ಬರಿನಿಂದ ತಿಕ್ಕುವ ರೂಢಿಯೂ ಇದೆ, ಕೆಲಸ ಮಾಡುತ್ತದೆ ಕೂಡ. ಆದರೆ ರಬ್ಬರಿನಲ್ಲಿ ಸವೆಸುವ ಪುಡಿ ಇರುವುದರಿಂದ ಚಿನ್ನವೂ ಸವೆಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ನೂಲು ಬಿಡದ ಬಟ್ಟೆ ಮೇಲು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅನೇಕವುಗಳಲ್ಲಿ ಗ್ಲಿಸರಿನ್ ಇರುತ್ತದೆ, ಅದು ಆರದೆ ಅಂಟಾಗಿ ಉಳಿಯುತ್ತದೆ.

ಧೂಳಿನ ಕತೆ ಇನ್ನೂ ಸೂಕ್ಷ್ಮ. ಒಣ ಧೂಳು ವಿದ್ಯುತ್ತನ್ನು ಹರಿಸುವುದಿಲ್ಲ. ಅದರಲ್ಲಿ ಉಪ್ಪಿನಂಶ ಇದ್ದರೆ ಮಾತು ಬೇರೆ. ಅಡುಗೆ ಉಪ್ಪು ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75 ದಾಟಿದರೆ ತಾನೇ ನೀರು ಹೀರಿ ಕರಗುತ್ತದೆ. ಮಳೆಗಾಲದ ಉಪ್ಪಿನ ಭರಣಿ ನೋಡಿದವರಿಗೆಲ್ಲ ಗೊತ್ತಿರುವ ಸಂಗತಿ. ಬೋರ್ಡಿನ ಮೇಲೆ ಹಾಗಾದರೆ ಒಣ ಧೂಳಿನ ಪದರ ಸಣ್ಣಗೆ ಕರೆಂಟ್ ಸೋರುವ ಹಾದಿಯಾಗುತ್ತದೆ. ದಿನಾ ಓಡುವ ಯಂತ್ರಕ್ಕೆ ಈ ಭಯ ಕಡಿಮೆ. ತೇವ ತುಂಬಿದ 22 ಡಿಗ್ರಿಯ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದರೆ, ನೀರಿನ ಪ್ರಮಾಣ ಅಷ್ಟೇ ಇದ್ದರೂ, ಸಾಪೇಕ್ಷ ಆರ್ದ್ರತೆ ನೂರರಿಂದ ಸುಮಾರು 62ಕ್ಕೆ ಇಳಿಯುತ್ತದೆ. ಬೀರುವಿನಲ್ಲಿ ಸಣ್ಣ ಬಲ್ಬು ಉರಿಸಿ ಕ್ಯಾಮೆರಾ ಕಾಪಾಡುವವರು ಬಳಸುವುದು ಇದೇ ಲೆಕ್ಕ. ಮಳೆ ಪೂರ್ತಿ ಮುಚ್ಚಿಟ್ಟ ಯಂತ್ರವನ್ನು ಮಳೆಯಲ್ಲೇ ಬಿಚ್ಚಿ ಹೊಸ ಭಾಗ ಹಾಕಿದರೆ ತೇವ, ಧೂಳು, ಅಲುಗಾಟ ಮೂರೂ ಒಟ್ಟಿಗೆ ಸೇರುತ್ತವೆ. ಬಿಚ್ಚಲೇಬೇಕಿದ್ದರೆ ಮೊದಲು ಒಂದು ದಿನ ಬೆಚ್ಚಗಿನ ಒಣ ಕೋಣೆಯಲ್ಲಿಡಿ.

ಬೆಟ್ಟದ ಕರೆಂಟಿನದ್ದೂ ಒಂದು ಪಾತ್ರ ಇದೆ. ಮರ ಬಿದ್ದು ತಂತಿ ಹರಿಯುವುದು ಮಳೆಗಾಲದಲ್ಲಿ ಮಾಮೂಲು. ಹರಿದದ್ದು ನ್ಯೂಟ್ರಲ್ ತಂತಿಯಾದರೆ ಕೆಲವು ಮನೆಗಳಿಗೆ 230ರ ಬದಲು 400 ವೋಲ್ಟಿನ ಹತ್ತಿರ ನುಗ್ಗಬಹುದು. ಅದೇ ವಾರ ರ‍್ಯಾಮ್ ಬದಲಿಸಿದ್ದರೆ ಎಸ್‌ಎಂಪಿಎಸ್ ಸತ್ತ ಅಪವಾದ ರ‍್ಯಾಮಿನ ಮೇಲೆ ಬರುತ್ತದೆ.

ಯುಪಿಎಸ್‌ನದ್ದು ಇನ್ನೊಂದು ಬಗೆ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 600 ವಿಎ ಯುಪಿಎಸ್ ಹೊರಬಲ್ಲದ್ದು 360 ವ್ಯಾಟ್ ಆಸುಪಾಸು. ಗ್ರಾಫಿಕ್ಸ್ ಕಾರ್ಡ್ ಸ್ಲಾಟಿನಿಂದಲೇ 75 ವ್ಯಾಟ್ ಎಳೆಯಬಹುದು, 6 ಪಿನ್ನಿನ ಕೇಬಲಿನಿಂದ ಇನ್ನೊಂದು 75, 8 ಪಿನ್ನಿನದರಿಂದ 150. ಪ್ರೊಸೆಸರ್, ಮಾನಿಟರ್ ಸೇರಿದರೆ ಯುಪಿಎಸ್ ಕಿರುಚಿ ಕೈಬಿಡುತ್ತದೆ. ಇದಕ್ಕಿಂತ ಗೂಢವಾದದ್ದು ಹೊಸ ಎಸ್‌ಎಂಪಿಎಸ್ ಹಾಕಿದಾಗಿನ ತೊಂದರೆ. ಈಚಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಪವರ್ ಫ್ಯಾಕ್ಟರ್ ತಿದ್ದುವ ಸರ್ಕ್ಯೂಟ್ ಇರುತ್ತದೆ. ಅದು ನಯವಾದ ಅಲೆಯನ್ನು ಬಯಸುತ್ತದೆ. ಹಳೆಯ ಯುಪಿಎಸ್, ಅಗ್ಗದ ಇನ್ವರ್ಟರುಗಳು ಬ್ಯಾಟರಿಯಲ್ಲಿ ಓಡುವಾಗ ಚೌಕಾಕಾರದ ಅಲೆ ಕೊಡುತ್ತವೆ. ಆಗ ಕರೆಂಟ್ ಹೋದ ಕ್ಷಣವೇ ಯಂತ್ರ ಆಫ್ ಆಗುವುದೂ ಉಂಟು, ಏಳದೇ ಇರುವುದೂ ಉಂಟು. ಗೋಡೆಯ ಪ್ಲಗ್ಗಿಗೆ ನೇರ ಸಿಕ್ಕಿಸಿ ನೋಡಿದರೆ ಇದು ಕೂಡಲೇ ತಿಳಿಯುತ್ತದೆ.

ಅರ್ಥಿಂಗ್ ಇಲ್ಲದ ಮನೆಯಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ. ಎಸ್‌ಎಂಪಿಎಸ್‌ನೊಳಗೆ ವಿದ್ಯುತ್ ಗದ್ದಲ ಸೋಸಲು ಇಟ್ಟ ಎರಡು ಕೆಪಾಸಿಟರುಗಳ ನಡುಬಿಂದು ಕ್ಯಾಬಿನೆಟ್ಟಿಗೆ ಸೇರಿರುತ್ತದೆ. ಅರ್ಥ್ ಇದ್ದರೆ ಅಲ್ಲಿ ಸೋರುವ ಕರೆಂಟ್ ನೆಲಕ್ಕೆ ಹರಿಯುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಹರಿಯುವ ಕರೆಂಟ್ ಅಲ್ಪ. ಆದರೆ ಯಂತ್ರ ಪ್ಲಗ್ಗಿನಲ್ಲಿದ್ದಾಗಲೇ, ಡಿಶ್‌ಗೆ ಜೋಡಿಸಿದ ಟಿವಿಗೆ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದರೆ ಆ ವ್ಯತ್ಯಾಸ ಕೇಬಲಿನ ಮೂಲಕ ಹರಿದು ಕಿಂಡಿ ಸುಡಬಹುದು. ಹೊಸ ಗ್ರಾಫಿಕ್ಸ್ ಕಾರ್ಡಿನ ಡಿಸ್‌ಪ್ಲೇ ಮೊದಲ ದಿನವೇ ಹೋಯಿತು ಎಂಬ ದೂರು ಬಂದರೆ ನಾನು ಅರ್ಥಿಂಗ್ ಬಗ್ಗೆ ಕೇಳುತ್ತೇನೆ. ಕೇಬಲ್ ಸಿಕ್ಕಿಸುವಾಗ ಎರಡೂ ಕಡೆ ಪ್ಲಗ್ ಕಿತ್ತಿರಬೇಕು. ಸ್ಥಾಯಿ ವಿದ್ಯುತ್ತಿನ ಭಯ ಮಾತ್ರ ಇಲ್ಲಿ ಮಳೆಗಾಲಕ್ಕಿಂತ ಜನವರಿಯಿಂದ ಮಾರ್ಚಿನ ಒಣ ದಿನಗಳಲ್ಲಿ ಹೆಚ್ಚು. ನಮ್ಮ ಬೆರಳಿಗೆ ಅದರ ಚುಚ್ಚು ತಿಳಿಯಲು 3,000 ವೋಲ್ಟಿನಷ್ಟು ಬೇಕು. ಚಿಪ್ಪಿಗೆ ಪೆಟ್ಟಾಗಲು ಅದರಲ್ಲಿ ಸಣ್ಣದೊಂದು ಪಾಲು ಸಾಕು.

ಪ್ರೊಸೆಸರನ್ನೇ ಬದಲಿಸಿದವರ ಕಷ್ಟ ಬೇರೆ. ಸಾಕೆಟ್ಟಿನಲ್ಲಿ ಕೂತಿತು ಎಂದ ಮಾತ್ರಕ್ಕೆ ಹೊಂದುತ್ತದೆ ಎಂದಲ್ಲ. ಪಾಳ್ಯದ ಆ ಬೋರ್ಡಿನಂಥ ಎಲ್‌ಜಿಎ 1151 ಸಾಕೆಟ್ಟಿನಲ್ಲಿ 2017ರಲ್ಲಿ ಬಂದ 'ಕಾಫಿ ಲೇಕ್' ಎಂಬ ಎಂಟನೇ ತಲೆಮಾರಿನ ಪ್ರೊಸೆಸರ್ ಸಲೀಸಾಗಿ ಕೂರುತ್ತದೆ, ಆದರೆ ಇಂಟೆಲ್ ಅದನ್ನು 300 ಸರಣಿಯ ಬೋರ್ಡುಗಳಿಗೆ ಮಾತ್ರ ಮೀಸಲಿಟ್ಟಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಬಹುಮಟ್ಟಿಗೆ ಇಂಟೆಲ್ಲಿನ ಎಂಟನೇ ತಲೆಮಾರಿನಿಂದ ಈಚಿನವನ್ನು. ಹಾಗಾಗಿ ಆರನೇ ತಲೆಮಾರಿನ ಬೋರ್ಡಿಗೆ ಎಂಟನೆಯದನ್ನು ಕೊಂಡು ತಂದು ಮೋಸಹೋಗುವವರಿದ್ದಾರೆ. ಎಎಂಡಿಯಲ್ಲಿ ಸಾಕೆಟ್ ಒಂದೇ, ಬೋರ್ಡೂ ಹೊಂದುತ್ತದೆ, ಆದರೆ ಹಳೆಯ ಬಯಾಸ್‌ಗೆ ಹೊಸ ಪ್ರೊಸೆಸರಿನ ಪರಿಚಯ ಇರುವುದಿಲ್ಲ. ಬಯಾಸ್ ಹೊಸದು ಮಾಡಲು ಓಡುವ ಪ್ರೊಸೆಸರ್ ಬೇಕು. 2018ರಲ್ಲಿ ಗ್ರಾಫಿಕ್ಸ್ ಸಹಿತ ರೈಜನ್ ಪ್ರೊಸೆಸರುಗಳು ಬಂದಾಗ ಹೀಗೆ ಸಿಕ್ಕಿಬಿದ್ದ ಗ್ರಾಹಕರಿಗೆ ಎಎಂಡಿ ಹಳೆಯ ಪ್ರೊಸೆಸರೊಂದನ್ನು ತಾತ್ಕಾಲಿಕ ಸಾಲವಾಗಿ ಕಳಿಸಿಕೊಟ್ಟಿತು. ಈಗಿನ ಕೆಲವು ಬೋರ್ಡುಗಳಲ್ಲಿ ಪ್ರೊಸೆಸರ್ ಇಲ್ಲದೆಯೇ ಪೆನ್ ಡ್ರೈವಿನಿಂದ ಬಯಾಸ್ ಬರೆಯುವ ಗುಂಡಿ ಇದೆ. ಹಳೆಯ ಪ್ರೊಸೆಸರ್ ತೆಗೆಯುವ ಮೊದಲೇ ಬಯಾಸ್ ಅಪ್‌ಡೇಟ್ ಮಾಡುವುದು ಜಾಣತನ. ಗುಡುಗು ಸಿಡಿಲಿನ ಸಂಜೆ ಆ ಕೆಲಸಕ್ಕೆ ಕೈಹಾಕಬೇಡಿ. ಬರೆಯುವಾಗ ಕರೆಂಟ್ ಹೋದರೆ ಮೊದಲ ಆದೇಶವೇ ಅರ್ಧಕ್ಕೆ ನಿಲ್ಲುತ್ತದೆ.

ಲಾಂಛನ ಕಂಡು ಆಮೇಲೆ ನಿಲ್ಲುವ ಯಂತ್ರದಲ್ಲಿ ಹಾರ್ಡ್‌ವೇರ್ ಬಹುಪಾಲು ಕ್ಷೇಮ. ಹಲವು ಬೋರ್ಡುಗಳಲ್ಲಿ ಎಂ.2 ಕಿಂಡಿಗೆ ಎಸ್‌ಎಸ್‌ಡಿ ಹಾಕಿದರೆ ಒಂದೆರಡು ಸಾಟಾ ಕಿಂಡಿಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಅಲ್ಲಿದ್ದ ಹಳೆಯ ಡಿಸ್ಕ್ ಸತ್ತಿಲ್ಲ, ಪಕ್ಕದ ಕಿಂಡಿಗೆ ಬದಲಿಸಿದರೆ ಬರುತ್ತದೆ. ಸಿಆರ್2032 ಬ್ಯಾಟರಿ ತೆಗೆದು ಬಯಾಸ್ ಹೊಂದಿಕೆಗಳನ್ನು ಅಳಿಸುವುದು ಒಳ್ಳೆಯ ಮದ್ದೇ. ಆದರೆ ಅದರೊಂದಿಗೆ ಡಿಸ್ಕ್ ಓದುವ ವಿಧಾನ, ಹಳೆಯ ಕ್ರಮದ ಬೂಟ್ ಆಯ್ಕೆ ಕೂಡ ಅಳಿದು, ಮೊದಲು ಏಳುತ್ತಿದ್ದ ವಿಂಡೋಸ್ ಏಳದೇ ಹೋಗಬಹುದು. ಅಳಿಸುವ ಮೊದಲು ಆ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಕೊನೆಯದು ಕೆಟ್ಟದ್ದಲ್ಲ, ಒಂದು ಪ್ರಶ್ನೆ. ಎಎಂಡಿ ಪ್ರೊಸೆಸರ್ ಬದಲಿಸಿದ ಮೇಲೆ ಕಪ್ಪು ಪರದೆಯಲ್ಲಿ ಹೊಸ ಪ್ರೊಸೆಸರ್ ಕಂಡಿದೆ, ಎಫ್‌ಟಿಪಿಎಂ ಅಳಿಸಲೇ ಎಂದು ಇಂಗ್ಲಿಷಿನಲ್ಲಿ ಕೇಳಿ ಯಂತ್ರ ಕಾಯುತ್ತಾ ನಿಲ್ಲುವುದುಂಟು. ಡಿಸ್ಕಿನ ಬೀಗದ ಗುಟ್ಟನ್ನು ಕಾಯುವ ವ್ಯವಸ್ಥೆ ಅದು. ವೈ ಒತ್ತಿದರೆ ಹಳೆಯ ಗುಟ್ಟು ಅಳಿಯುತ್ತದೆ. ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಹಾಕಿದ್ದರೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ, ಅದಿಲ್ಲದೆ ತೋಟದ ಲೆಕ್ಕವಾಗಲಿ ಮದುವೆಯ ಫೋಟೊಗಳಾಗಲಿ ತೆರೆಯುವುದಿಲ್ಲ. ಕೀ ಕೈಯಲ್ಲಿಲ್ಲದಿದ್ದರೆ ಎನ್ ಒತ್ತಿ, ಯಂತ್ರ ಆರಿಸಿ, ಹಳೆಯ ಪ್ರೊಸೆಸರನ್ನು ಮತ್ತೆ ಕೂರಿಸಿ. ಗುಟ್ಟು ಇನ್ನೂ ಅಲ್ಲೇ ಇರುತ್ತದೆ. ವಿಂಡೋಸ್ ಎದ್ದ ಮೇಲೆ ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಂಡು, ಬಿಟ್‌ಲಾಕರ್ ತಾತ್ಕಾಲಿಕವಾಗಿ ನಿಲ್ಲಿಸಿ, ಆಮೇಲೆ ಹೊಸ ಪ್ರೊಸೆಸರ್ ಹಾಕಿ.